ಬಾಗಿಲು ತೆಗೆದರೂ ಬೆಕ್ಕು ಹೊಸ್ತಿಲಲ್ಲೇ ನಿಲ್ಲುವುದೇಕೆ

ಹೊಳೆಗೆ ಯಾವ ಕಡೆ ಹರಿಯಬೇಕೆಂದು ಇನ್ನೂ ಸರಿಯಾಗಿ ಗೊತ್ತಿರದ ಕಾಲ ಅದು. ಲೋಕ ಹೊಸದು. ಬೆಟ್ಟದ ಮಣ್ಣು ಇನ್ನೂ ಹಸಿ. ಮನುಷ್ಯ, ಹಕ್ಕಿ, ಹಾವು, ಗಾಳಿ ಎಲ್ಲರಿಗೂ ಒಂದೇ ಮಾತು. ಯಾರು ಯಾರನ್ನು ಬೇಕಾದರೂ ನಿಲ್ಲಿಸಿ ಮಾತಾಡಿಸಬಹುದಿತ್ತು.

ಆ ಹೊಳೆಯ ದಡದಲ್ಲಿ ಬೊಮ್ಮಕ್ಕ ಎಂಬ ಹೆಂಗಸು ಮಣ್ಣಿನ ಗೋಡೆ ಎಬ್ಬಿಸಿ, ಹುಲ್ಲು ಹೊದಿಸಿ, ಒಂದು ಮನೆ ಕಟ್ಟಿಕೊಂಡಿದ್ದಳು. ಮನೆಗೆ ಹೊಸ್ತಿಲಿತ್ತು, ಬಾಗಿಲಿರಲಿಲ್ಲ. ಬಾಗಿಲು ಎಂಬುದನ್ನು ಆಗ ಯಾರೂ ಕಂಡೇ ಇರಲಿಲ್ಲ.

ಅಂಗಳದಲ್ಲೊಂದು ಜಾಲಿ ಮರ. ಅದರ ತಗ್ಗಿನ ಕೊಂಬೆಯಲ್ಲಿ ಒಂದು ಗೀಜಗ ಗೂಡು ಕಟ್ಟಿತ್ತು. ಆಗಿನ ಗೀಜಗದ ಗೂಡು ಈಗಿನ ಹಾಗಲ್ಲ. ಬಟ್ಟಲಿನಂತೆ ಬಾಯಿ ತೆರೆದುಕೊಂಡು, ಕೈಗೆ ಎಟುಕುವಷ್ಟು ಕೆಳಗಿರುತ್ತಿತ್ತು.

ಬೊಮ್ಮಕ್ಕನಿಗೆ ಹೆಣೆಯಲು ಕಲಿಸಿದ್ದು ಈ ಗೀಜಗವೇ. “ಒಂದು ಎಳೆ ಮೇಲೆ, ಒಂದು ಎಳೆ ಕೆಳಗೆ. ಅವಸರ ಮಾಡಬೇಡ” ಎನ್ನುತ್ತ ಎಷ್ಟೋ ದಿನ ಅವಳ ಪಕ್ಕದಲ್ಲಿ ಕೂತು ಕಲಿಸಿತು. ಬೊಮ್ಮಕ್ಕ ಆಳೆತ್ತರದ ಬುಟ್ಟಿ ಹೆಣೆದಳು. ಅದರ ತುಂಬ ನವಣೆ ತುಂಬಿದಳು. ದಿನಾ ಬೆಳಿಗ್ಗೆ ಒಂದು ಹಿಡಿ ನವಣೆಯನ್ನು ಅಂಗೈಯಲ್ಲಿಟ್ಟು ಚಾಚುತ್ತಿದ್ದಳು. ಗೀಜಗ ಅವಳ ಹೆಬ್ಬೆರಳ ಮೇಲೆ ಕೂತು ತಿನ್ನುತ್ತಿತ್ತು.

ನವಣೆಯ ವಾಸನೆಗೆ ಇಲಿಗಳು ಬಂದವು. ಬುಟ್ಟಿಯ ತಳ ಕೊರೆದವು. ಬೊಮ್ಮಕ್ಕ ಬೆಟ್ಟಕ್ಕೆ ಹೋಗಿ ಬೆಕ್ಕನ್ನು ಕರೆದಳು.

“ಬರ್ತೀನಿ” ಎಂದಿತು ಬೆಕ್ಕು. “ಆದರೆ ನನಗೆ ಬೇಕಾದಾಗ ಬರ್ತೀನಿ, ಬೇಕಾದಾಗ ಹೋಗ್ತೀನಿ. ತಡೀಬಾರದು.”

“ನಾನ್ಯಾಕೆ ತಡೀಲಿ” ಎಂದಳು ಬೊಮ್ಮಕ್ಕ.

ಬೆಕ್ಕು ಬಂದದ್ದನ್ನು ನೋಡಿ ಗೀಜಗ ಕೊಂಬೆಯಿಂದ ಇಳಿಯಿತು. ಗೂಡಿನಲ್ಲಿ ಆಗ ಮೂರು ಮರಿಗಳು.

“ಬೊಮ್ಮಕ್ಕ, ಇದರ ಕಣ್ಣು ನನ್ನ ಮಕ್ಕಳ ಮೇಲೆ ಬೀಳಲ್ವಾ?”

“ನಾನಿದ್ದೀನಲ್ಲ. ನಿನ್ನ ಮಕ್ಕಳ ಜವಾಬ್ದಾರಿ ನಂದು. ನೀನು ನಿಶ್ಚಿಂತೆಯಾಗಿರು.”

ಗೀಜಗ ನಂಬಿತು.

ಬೆಕ್ಕು ಇಲಿ ಹಿಡಿಯಿತು. ಹಾಲು ಕುಡಿಯಿತು. ಹಗಲೆಲ್ಲ ಎಲ್ಲೆಲ್ಲೋ ತಿರುಗಿ, ಮೈಗೆಲ್ಲ ಹುಲ್ಲಿನ ಬೀಜ ಮೆತ್ತಿಸಿಕೊಂಡು ಬಂದು ಬೊಮ್ಮಕ್ಕನ ಮಡಿಲಲ್ಲಿ ಸುರುಳಿ ಸುತ್ತಿಕೊಳ್ಳುತ್ತಿತ್ತು. ಬೊಮ್ಮಕ್ಕ ಒಂದೊಂದೇ ಬೀಜ ಆರಿಸಿ ತೆಗೆಯುವಳು. ಅವಳಿಗೆ ಅದರ ಮೇಲೆ ಬಹಳ ಪ್ರೀತಿ ಬೆಳೆಯಿತು.

ಒಂದು ದಿನ ಗಾಳಿ ಬಂದು ಹೇಳಿತು, “ನಿನ್ನ ಬೆಕ್ಕು ಜಾಲಿ ಮರದ ಕೆಳಗೆ ಬಹಳ ಹೊತ್ತು ಕೂತಿರುತ್ತೆ, ಬೊಮ್ಮಕ್ಕ.”

“ನೆರಳಿಗೆ ಕೂತಿರುತ್ತೆ ಬಿಡು” ಎಂದಳು ಬೊಮ್ಮಕ್ಕ.

ಗಾಳಿ ಮರುದಿನವೂ ಹೇಳಿತು. ಬೊಮ್ಮಕ್ಕ ಮರುದಿನವೂ ಹಾಗೇ ಅಂದಳು.

ಮೂರನೆಯ ದಿನ ಮಧ್ಯಾಹ್ನ ಬೆಕ್ಕು ಬಾಲ ಎತ್ತಿಕೊಂಡು ಒಳಗೆ ಬಂತು. ಬಾಯಲ್ಲಿದ್ದುದನ್ನು ಬೊಮ್ಮಕ್ಕನ ಕಾಲ ಬಳಿ ಇಟ್ಟು, ಅವಳ ಮುಖ ನೋಡುತ್ತ ಕೂತಿತು. ರೆಕ್ಕೆ ಪೂರ್ತಿ ಬಲಿಯದ ಗೀಜಗದ ಮರಿ. ಮೈ ಇನ್ನೂ ಬಿಸಿಯಿತ್ತು, ಉಸಿರಿರಲಿಲ್ಲ.

ಹೊರಗೆ ರೆಕ್ಕೆಯ ಸದ್ದು ಕೇಳಿಸಿತು. ಬೊಮ್ಮಕ್ಕ ಮರಿಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಹೊರಗೆ ಬಂದಳು.

“ಮೂವರಿದ್ರು ಬೊಮ್ಮಕ್ಕ, ಈಗ ಇಬ್ಬರೇ ಇದಾರೆ” ಎಂದಿತು ಗೀಜಗ. “ನೀನು ಮನೇಲೇ ಇದ್ದೆಯಲ್ಲ. ಯಾರಾದ್ರೂ ಬಂದಿದ್ರಾ?”

ನಿಜ ಹೇಳಬೇಕೆಂದೇ ಬೊಮ್ಮಕ್ಕ ಬಾಯಿ ತೆರೆದಳು. ನಾಲಿಗೆ ಬೇರೆಯದನ್ನು ಹೇಳಿತು.

“ಹಾವು ಹೋದ ಹಾಗಿತ್ತು.”

ಅಷ್ಟು ಸಾಕಾಯಿತು. ಹೊಳೆಯ ದಡದ ಹಕ್ಕಿಗಳೆಲ್ಲ ಸೇರಿ ಹುತ್ತದ ಮೇಲೆ ಎರಗಿದವು. ಹಾವನ್ನು ಕುಕ್ಕಿ, ರಕ್ತ ಬರಿಸಿ, ಹುತ್ತದಿಂದ ಓಡಿಸಿದವು. ಬೊಮ್ಮಕ್ಕ ಮನೆಯೊಳಗೆ ಕೂತು ಆ ಗದ್ದಲ ಕೇಳಿದಳು. ಮರಿಯನ್ನು ಹಿತ್ತಿಲಲ್ಲಿ ಹೂತು ಬಂದು ಕೈ ತೊಳೆದಳು. ಮತ್ತೆ ತೊಳೆದಳು.

ಆ ಸಂಜೆಯೇ ಬಿದಿರು ಸೀಳಿ, ಗೀಜಗ ಕಲಿಸಿದ ಹಾಗೆಯೇ ಹೆಣೆದು, ಒಂದು ತಡಿಕೆ ಮಾಡಿ ಹೊಸ್ತಿಲಿಗೆ ಅಡ್ಡ ನಿಲ್ಲಿಸಿದಳು. ಲೋಕದ ಮೊದಲ ಬಾಗಿಲು ಅದು. ಬೆಕ್ಕು ಒಳಗೇ ಉಳಿಯಿತು.

ಉಳಿದ ಎರಡು ಮರಿಗಳು ಬದುಕಿದವು, ಬೆಳೆದವು. ಗೀಜಗ ಎಂದಿನಂತೆ ಬೆಳಿಗ್ಗೆ ಬಂದು ಬೊಮ್ಮಕ್ಕನ ಹೆಬ್ಬೆರಳ ಮೇಲೆ ಕೂತು ನವಣೆ ತಿನ್ನುತ್ತಿತ್ತು. ಬೊಮ್ಮಕ್ಕ ಮುಖ ಪಕ್ಕಕ್ಕೆ ತಿರುಗಿಸಿ ಕೈ ಚಾಚುತ್ತಿದ್ದಳು.

ಒಂದು ದಿನ ಹೊಳೆಗೆ ನೀರಿಗೆ ಹೋದಾಗ ಕಲ್ಲಿನ ಸಂದಿಯಲ್ಲಿ ಹಾವು ಮಲಗಿತ್ತು. ಮೈಮೇಲಿನ ಗಾಯ ಇನ್ನೂ ಒಣಗಿರಲಿಲ್ಲ.

“ಅಕ್ಕ, ಒಂದು ಮಾತು ಕೇಳ್ಲಾ?” ಎಂದಿತು ಹಾವು. ದನಿಯಲ್ಲಿ ಸಿಟ್ಟಿರಲಿಲ್ಲ. “ಅವತ್ತು ನಾನು ಪೊರೆ ಬಿಡ್ತಿದ್ದೆ. ಆಗ ನಮಗೆ ಕಣ್ಣು ಕಾಣಲ್ಲ. ನೀನು ನನ್ನ ನೋಡಿದೆಯಂತೆ. ನಾನು ಯಾವ ಕಡೆ ಹೋಗ್ತಿದ್ದೆ? ನನಗೇ ಗೊತ್ತಿಲ್ಲದೆ ಹೋಗಿಬಿಟ್ಟೆನಾ?”

ಬೊಮ್ಮಕ್ಕನ ಕೊಡದಲ್ಲಿ ಅರ್ಧ ನೀರೂ ತುಂಬಿರಲಿಲ್ಲ, ಹಾಗೇ ಎತ್ತಿಕೊಂಡು ಮನೆಗೆ ಬಂದಳು.

ಮನೆಯೊಳಗೆ ಬೆಕ್ಕು ತಡಿಕೆಯ ಬುಡದಲ್ಲಿ ಬಿದ್ದಿತ್ತು. ಹಾಲು ಹಾಗೇ ಕೆನೆಗಟ್ಟಿತ್ತು. ಬಿದಿರು ಕೆರೆದು ಕೆರೆದು ಅದರ ಉಗುರೆಲ್ಲ ಸವೆದಿದ್ದವು. ಮೈಯ ಹೊಳಪು ಮಾಸಿ, ಪಕ್ಕೆಲುಬು ಎಣಿಸುವ ಹಾಗಾಗಿತ್ತು.

“ನಾನೇನು ಮಾಡಿದೆ, ಬೊಮ್ಮಕ್ಕ?” ಎಂದು ಕೇಳಿತು ಬೆಕ್ಕು.

“ಏನು ಮಾಡಿದೆ ಅಂತ ನಿನಗೆ ಗೊತ್ತಿಲ್ವಾ? ಗೀಜಗದ ಮರೀನ ಕೊಂದೆ.”

“ಹಿಡಿದೆ. ನಾನು ತಿನ್ನಲಿಲ್ಲ, ನಿನಗೆ ಅಂತ ತಂದೆ.”

“ಆ ಮಕ್ಕಳನ್ನ ಕಾಯ್ತೀನಿ ಅಂತ ನಾನು ಮಾತು ಕೊಟ್ಟಿದ್ದೆ.”

ಬೆಕ್ಕು ತಲೆ ಎತ್ತಿತು. “ನನಗೆ ಹೇಳಿದ್ದೆಯಾ?”

ಬೊಮ್ಮಕ್ಕ ಕೊಡವನ್ನು ನೆಲಕ್ಕಿಟ್ಟಳು. ಇಲ್ಲ, ಹೇಳಿರಲಿಲ್ಲ. ಒಂದು ಸಲವೂ ಹೇಳಿರಲಿಲ್ಲ. ಹೇಳಿದರೆ ಬೆಕ್ಕು ಬೆಟ್ಟಕ್ಕೆ ಹೊರಟುಬಿಟ್ಟರೆ ಎಂಬ ಅಂಜಿಕೆ ಅವಳಿಗೆ.

ತಾನು ತಂದದ್ದು ಏನೆಂದು ಬೆಕ್ಕಿಗೆ ಆಗ ತಿಳಿಯಿತು. ಅದು ಮುಖ ತಿರುಗಿಸಿಕೊಂಡು ಮುಂಗಾಲು ನೆಕ್ಕತೊಡಗಿತು. ಅಲ್ಲಿ ಏನೂ ಅಂಟಿರಲಿಲ್ಲ. ಆದರೂ ನೆಕ್ಕುತ್ತಲೇ ಇತ್ತು.

ಬೊಮ್ಮಕ್ಕ ತಿರುಗಿ ಹೊಳೆಗೆ ಹೋದಳು. ಹಾವನ್ನು ಬುಟ್ಟಿಯಲ್ಲಿ ಎತ್ತಿಕೊಂಡು ಬಂದು ಜಾಲಿ ಮರದ ಕೆಳಗೆ ನಿಂತಳು. ಹಕ್ಕಿಗಳೆಲ್ಲ ನೆರೆದವು.

“ಹಾವಿನ ತಪ್ಪಿಲ್ಲ” ಎಂದಳು ಗೀಜಗದ ಕಡೆ ನೋಡಿ. “ಹಿಡಿದದ್ದು ನನ್ನ ಬೆಕ್ಕು. ಬಿಟ್ಟದ್ದು ನಾನು. ಗಾಳಿ ಎರಡು ಸಲ ಹೇಳಿತ್ತು, ಕೇಳಲಿಲ್ಲ. ಮರೀನ ಸೆರಗಿನೊಳಗೆ ಇಟ್ಟುಕೊಂಡೇ ನಿನ್ನ ಹತ್ರ ಸುಳ್ಳು ಹೇಳಿದೆ.”

ಹಕ್ಕಿಗಳು ಹಾವಿನ ಗಾಯ ನೋಡಿ ತಲೆ ತಗ್ಗಿಸಿದವು. ಹಾವು ಬುಟ್ಟಿಯಿಂದ ಇಳಿದು ಹುಲ್ಲಿನೊಳಗೆ ಸರಿದುಹೋಯಿತು.

ಗೀಜಗ ಕೊಂಬೆಯಿಂದ ಇಳಿದು ಬಂತು.

“ಮಗುವಿಗಾಗಿ ಅವತ್ತೇ ಅತ್ತಿದ್ದೆ” ಎಂದಿತು. “ಬೆಕ್ಕಿನ ಮೇಲೆ ನನಗೆ ಸಿಟ್ಟಿಲ್ಲ, ಅದು ಬೆಕ್ಕು. ಆದರೆ ಅಲ್ಲಿಂದ ಈಚೆಗೆ ದಿನಾ ನಿನ್ನ ಕೈಯಿಂದ ನವಣೆ ತಿಂದೆನಲ್ಲ, ಬೊಮ್ಮಕ್ಕ. ಅದನ್ನ ಹೇಗೆ ಮರೀಲಿ?”

ಮರಿಗಳಿಗೆ ಆಗಲೇ ರೆಕ್ಕೆ ಬಲಿತಿತ್ತು. ಎರಡನ್ನೂ ಕರೆದುಕೊಂಡು ಗೀಜಗ ಹೊಳೆಯ ಆಚೆ ದಡಕ್ಕೆ ಹಾರಿತು. ನೀರಿನ ಮೇಲೆ ಚಾಚಿದ ತೆಳ್ಳನೆಯ ಕೊಂಬೆಯ ತುದಿಗೆ, ಬಾಯಿ ಕೆಳಗೆ ಮಾಡಿ, ಹೊಸ ಗೂಡು ನೇಯ್ದುಕೊಂಡಿತು. ಬೆಕ್ಕಿನ ಕಾಲು ಅಲ್ಲಿಗೆ ಹೋಗದು. ಮನುಷ್ಯರ ಕೈಯೂ ಹೋಗದು.

ಬೊಮ್ಮಕ್ಕ ಮನೆಗೆ ಬಂದು ತಡಿಕೆ ಪಕ್ಕಕ್ಕೆ ಸರಿಸಿದಳು.

“ನಿನ್ನ ಒಳಗಿಟ್ಟರೆ ಸೊರಗ್ತೀ” ಎಂದಳು ಬೆಕ್ಕಿಗೆ. “ಹೊರಗೆ ಬಿಟ್ಟರೆ ಇನ್ನೊಬ್ಬರ ಮನೆ ಹಾಳಾಗುತ್ತೆ. ಯಾವುದು ಸರಿಯೋ ನನಗೂ ಗೊತ್ತಾಗ್ತಿಲ್ಲ. ಮುಂಚೆ ಗೊತ್ತಿದ್ದವಳ ಹಾಗೆ ಮಾತಾಡಿದೆ.”

ಬೆಕ್ಕು ಮೆಲ್ಲಗೆ ಎದ್ದು ಬಂತು. ಗಾಳಿ ಬೀಸುತ್ತಿತ್ತು, ಬಿಸಿಲು ಹಿತವಾಗಿತ್ತು. ಮುಂಗಾಲು ಎರಡನ್ನೂ ಹೊರಗಿಟ್ಟಿತು. ಎದುರಿಗೆ ಜಾಲಿ ಮರ, ಅದರಲ್ಲಿ ಖಾಲಿ ಗೂಡು. ತಿರುಗಿ ಒಳಗೆ ನೋಡಿತು. ಒಳಗೆ ಬಿದಿರಿನ ಮೇಲೆ ತನ್ನದೇ ಉಗುರಿನ ಗೀರುಗಳು. ಹೋಗಲೂ ಆಗದೆ, ಬರಲೂ ಆಗದೆ ಅಲ್ಲೇ ನಿಂತಿತು.

ಬೊಮ್ಮಕ್ಕ ಅದನ್ನು ನೂಕಲಿಲ್ಲ, ಕರೆಯಲೂ ಇಲ್ಲ. ತಡಿಕೆ ಹಿಡಿದುಕೊಂಡು ಪಕ್ಕದಲ್ಲೇ ನಿಂತಳು. ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಅದಕ್ಕೇ ಮಗೂ, ಇವತ್ತಿಗೂ ನಮ್ಮ ಬೆಕ್ಕು ಬಾಗಿಲು ತೆಗೆ ತೆಗೆ ಎಂದು ಕೆರೆಯುತ್ತದೆ, ತೆಗೆದ ಮೇಲೆ ಎರಡು ಕಾಲು ಹೊರಗೆ, ಎರಡು ಕಾಲು ಒಳಗೆ ಇಟ್ಟು ನಿಂತುಬಿಡುತ್ತದೆ; ಎಷ್ಟೇ ಕೆಲಸವಿದ್ದರೂ ನಾವು ಬಾಗಿಲು ಹಿಡಿದುಕೊಂಡು, ಬೇರೆಲ್ಲೋ ನೋಡುತ್ತ, ಅದು ತೀರ್ಮಾನ ಮಾಡುವ ತನಕ ಕಾಯುತ್ತೇವೆ.