ಬೈಯದ ಅಂಬಿಗ

ಮಂಜು ಇಳಿದಾಗ ಯಾವ ಕಡೆಗೆ ಹರಿಯುತ್ತಿದ್ದೇನೆಂದು ಆ ನದಿಗೇ ನೆನಪಿರುತ್ತಿರಲಿಲ್ಲ. ಅದರ ದಂಡೆಯಲ್ಲಿ ಚೆನ್ನಾಂಬೆಯ ಆಶ್ರಮ. ಅವಳು ವೈದ್ಯೆ. ಮರುಳಯ್ಯ ಅವಳ ಶಿಷ್ಯ.

ಕೆಳದಂಡೆಯ ಗುಡಿಸಲಲ್ಲಿ ಹುಲಿಗೆಪ್ಪ ಇದ್ದ. ನಲವತ್ತು ವರ್ಷ ಹರಿಗೋಲು ನಡೆಸಿದ ಅಂಬಿಗ. ಈಗ ಕಂಪವಾತ. ಸುಮ್ಮನೆ ಕೂತರೂ ಕೈ ನಡುಗುತ್ತಿತ್ತು.

ಗುರು ಕಳಿಸಿದಳೆಂದು ಶಿಷ್ಯ ಹೋಗಿ ಅವನನ್ನು ನೋಡಿಬಂದ.

"ಹೇಗಿದ್ದಾನೆ?"

"ಮುಖ ಕಲ್ಲು. ದನಿ ಇಲ್ಲ. ನಡಿಗೆ ನಿಧಾನ. ನಿದ್ದೆ ಬರಲ್ಲ, ಊಟ ಬೇಡ. ಎಲ್ಲ ಕಂಪವಾತದ್ದೇ ಅವ್ವಾ. ನಸುಗುನ್ನಿ ಬೀಜದ ಪುಡಿ ಒಂದು ಚಿಟಿಕೆ ಏರಿಸಿ ಬಂದೆ."

"ಮನಸ್ಸು?"

ಮರುಳಯ್ಯ ನಕ್ಕ. "ಇನ್ನೊಮ್ಮೆ ಮೋಸಹೋಗಲ್ಲ. ಹೋದ ತಿಂಗಳು ಇದೇ ಕಂಪವಾತದ ಸಿದ್ಲಿಂಗವ್ವನ ಕಲ್ಲುಮುಖ ನೋಡಿ, ಪಾಪ, ದುಃಖದವಳು ಅಂದೆ. ಅವಳು ಅದೇ ಮುಖದಲ್ಲಿ ನನ್ನ ಮದುವೆಯ ಬಗ್ಗೆ ಪೋಲಿ ಮಾತಾಡಿದಳು. 'ಆ ಮುಖ ರೋಗದ್ದು, ನಂಬಬೇಡ' ಅಂತ ನೀವೇ ಅಂದ್ರಿ."

"ಅಂದೆ. ಒಂದೇ ಪಾಠ ಕಲಿತವನ ಹತ್ತಿರ ಹುಷಾರಾಗಿರಬೇಕು ಅನ್ನೋದು ಮರೆತೆ." ಗುರು ಬೇರು ಅರೆಯುತ್ತಲೇ ಹೇಳಿದಳು. "ನಾಳೆ ಅವನನ್ನು ಹರಿಗೋಲಲ್ಲಿ ಕೂರಿಸಿಕೊಂಡು ಒಂದು ಸುತ್ತು ಬಾ."

"ನನಗೆ ಹುಟ್ಟು ಹಾಕೋಕೆ ಬರಲ್ಲ."

"ಗೊತ್ತು."

ಮರುದಿನ ಮರುಳಯ್ಯ ಸೊಂಟದವರೆಗೆ ಒದ್ದೆಯಾಗಿ ಬಂದ.

"ನಡುನೀರಲ್ಲಿ ಹರಿಗೋಲು ಬುಗುರಿಯಾಯ್ತು ಅವ್ವಾ. ಮೂರು ಗಿರಕಿ. ನಾಲ್ಕನೆಯದಕ್ಕೆ ಬಂಡೆಗೆ ಬಡೀತು."

"ಅವನೇನಂದ?"

"ಏನೂ ಇಲ್ಲ. ನೀರು ನೋಡ್ತಾ ಕೂತಿದ್ದ. ಎಂಥ ತಾಳ್ಮೆ!"

ಅರೆಯುವ ಕಲ್ಲು ನಿಂತಿತು.

"ಬೈಯಲಿಲ್ಲವಾ?"

"ಇಲ್ಲ."

"ತುಟಿಯೂ ಅಲ್ಲಾಡಲಿಲ್ಲ?"

"ಇಲ್ಲ."

"ನಾನು ಈ ಊರಿಗೆ ಬಂದ ದಿನ ಅವನ ಹರಿಗೋಲಿನ ಅಂಚು ತುಳಿದೆ. ಆಚೆ ದಡ ಮುಟ್ಟುವ ತನಕ ಬೈದ. ಕೈ ನಡುಗೋಕೆ ಶುರುವಾದ ಮೇಲೂ ದಂಡೆಯಲ್ಲಿ ಕೂತು ಹೊಸ ಅಂಬಿಗರನ್ನೆಲ್ಲ ಪಿಸುದನಿಯಲ್ಲೇ ಬೈತಿದ್ದ. ನಡುಗುವ ಕೈ ಹುಟ್ಟು ಬಿಡುತ್ತೆ. ಬೈಗುಳ ಯಾಕೆ ಬಿಡುತ್ತೆ, ಮರುಳಯ್ಯ?"

ಅವಳು ಎದ್ದು ದಂಡೆಗುಂಟ ನಡೆದಳು. ಅವನು ಹಿಂದೆಯೇ ಓಡಿದ.

ಹುಲಿಗೆಪ್ಪ ಗುಡಿಸಲ ಮುಂದೆ ಕೂತಿದ್ದ. ಗುರು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ಜ್ವರ ಐತೇನು ಎಂದು ಕೇಳುವಷ್ಟು ಸಹಜವಾಗಿ ಕೇಳಿದಳು:

"ಮುಂಜಾನೆ ಹರಿಗೋಲು ಮಗಚಿದ್ರ ಏನನ್ಸತಿತ್ತು ಹುಲಿಗೆಪ್ಪ?"

ನೀರು ಹರಿಯಿತು. ಒಂದು ಕೊಕ್ಕರೆ ಬಂದು, ನಿಂತು, ಹಾರಿಹೋಯಿತು. ಹುಲಿಗೆಪ್ಪನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಚಲೋ ಆಗ್ತಿತ್ತು ಅನ್ಸತಿತ್ತವ್ವಾ."

"ಯಾವಾಗಿಂದ ಹಿಂಗ?"

"ದೀಪಾವಳಿಯಿಂದ."

"ಯಾರಿಗೂ ಹೇಳ್ಲಿಲ್ಲ?"

"ಬಂದವ್ರೆಲ್ಲಾ ಕೈ ನೋಡಿದ್ರು. ಇದನ್ನ ಯಾರೂ ಕೇಳ್ಲಿಲ್ಲ."

ಹಿಂದೆ ನಿಂತಿದ್ದ ಮರುಳಯ್ಯ ತಲೆ ತಗ್ಗಿಸಿದ.

ಅಂದೇ ಹುಲಿಗೆಪ್ಪನ ಹಾಸಿಗೆ ಆಶ್ರಮಕ್ಕೆ ಬಂತು. ಒಬ್ಬನೇ ಇರುವುದು ಬೇಡ ಎಂದಳು ಗುರು. ಕಂಪದ ಮದ್ದಿನ ಪಕ್ಕದಲ್ಲಿ ಇನ್ನೊಂದು ಬಟ್ಟಲಲ್ಲಿ ಮನಸ್ಸಿನ ಮದ್ದು ಕಲಸಿದಳು. ದಿನಾ ಹೊತ್ತು ಮುಳುಗುವಾಗ ಅವನ ಪಕ್ಕ ಕೂತು ಅದೇ ಪ್ರಶ್ನೆ ಕೇಳಿದಳು. ಮರುಳಯ್ಯನಿಗೂ ಒಂದು ಪಥ್ಯ: ದಿನಾ ಬೆಳಿಗ್ಗೆ ಹುಲಿಗೆಪ್ಪನನ್ನು ಕೂರಿಸಿಕೊಂಡು ಹುಟ್ಟು ಹಾಕಬೇಕು, ದಡದ ಹತ್ತಿರವೇ, ಮೊಣಕಾಲುದ್ದ ನೀರಲ್ಲಿ.

ಹರಿಗೋಲು ತಿರುಗಿತು. ಅದರ ಸುತ್ತ ಬೆಟ್ಟ ತಿರುಗಿತು, ಆಕಾಶ ತಿರುಗಿತು, ಚಳಿಗಾಲವೂ ಮೆಲ್ಲಗೆ ತಿರುಗಿ ಬೇಸಿಗೆಯಾಯಿತು.

ಒಂದು ಬೆಳಿಗ್ಗೆ ಮರುಳಯ್ಯ ನೀರು ಸುರಿಸುತ್ತ ಓಡಿಬಂದ.

"ಅವ್ವಾ! ಬೈದ!"

"ಏನಂತ?"

"'ಹುಟ್ಟು ಹಾಕಾಕತ್ತೀಯೋ ಮುದ್ದಿ ತಿರುವಾಕತ್ತೀಯೋ, ಕೋಣ' ಅಂದ. ನಮ್ಮಪ್ಪನನ್ನೂ ಬಿಡಲಿಲ್ಲ!"

"ಕೈ?"

"ನಡುಗ್ತಾನೇ ಇದೆ."

"ಮುಖ?"

"ಅದೇ ಕಲ್ಲು."

ಗುರು ಅರೆಯುವ ಕಲ್ಲನ್ನು ಹತ್ತಿರ ಎಳೆದುಕೊಂಡಳು.

"ನಾಳೆಯೂ ಹೋಗು," ಎಂದಳು. "ಹುಟ್ಟು ಹಾಕೋದನ್ನು ಮಾತ್ರ ಅಷ್ಟು ಬೇಗ ಕಲೀಬೇಡ."