ಧಣಿ ಬಂದಾಗ ನಿಲ್ಲುವ ಯಂತ್ರ

ಶಿಷ್ಯ ನಿರ್ವಾಣಪ್ಪ ಕೈಕಟ್ಟಿ ನಿಂತು ಕೇಳಿದ: “ಗುರುಗಳೇ, ಮಠಕ್ಕೆ ದೊಡ್ಡವರು ಬಂದರೆ ಎಲ್ಲರಿಗಿಂತ ಮೊದಲು ಎದ್ದು ನಿಲ್ಲುವವನು ನಾನು. ಅವರ ಮುಂದೆ ಒಂದು ದಿನವೂ ಗಟ್ಟಿಯಾಗಿ ಮಾತಾಡಿದವನಲ್ಲ. ಆದರೂ ನನಗೆ ವಿನಯ ಬಂದಿಲ್ಲ ಎಂದಿರಿ. ಯಾಕೆ?”

ಗುರುಗಳು ಅವನನ್ನು ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಬ್ಬ ಧಣಿಗೆ ಊರ ಹೊರಗೆ ವಿಶಾಲವಾದ ಹುಲ್ಲುಹಾಸಿತ್ತು. ಅಲ್ಲಿ ಮದುವೆಗಳು ನಡೆಯುತ್ತಿದ್ದವು. ಹುಲ್ಲು ಕತ್ತರಿಸಲು ಧಣಿ ಒಂದು ಯಂತ್ರ ತಂದಿದ್ದ. ಸಣ್ಣ ಟ್ರ್ಯಾಕ್ಟರಿನ ಹಾಗೆ ಮೇಲೆ ಕೂತು ಓಡಿಸಬೇಕು, ಅಡಿಯಲ್ಲಿ ಬ್ಲೇಡು ತಿರುಗುತ್ತದೆ. ಓಡಿಸುವವನು ಒಬ್ಬ ಮಾಲಿ. ಅವನಿಗೆ ಓಡಿಸುವುದನ್ನು ಕಲಿಸಿದವನೂ, ಕೆಟ್ಟಾಗ ಸರಿ ಮಾಡುವವನೂ ಒಬ್ಬ ಮುದಿ ಮೆಕ್ಯಾನಿಕ್.

ಆ ವರ್ಷ ಧಣಿ ತನ್ನ ಬೆಳಗಿನ ವಾಕಿಂಗನ್ನು ಹುಲ್ಲುಹಾಸಿನ ಕಡೆಗೆ ತಿರುಗಿಸಿದ. ಯಂತ್ರಕ್ಕೂ ಅದೇ ವರ್ಷ ಒಂದು ಕಾಯಿಲೆ ಅಂಟಿಕೊಂಡಿತು. ಚೆನ್ನಾಗಿಯೇ ಓಡುತ್ತಿರುವುದು, ಧಣಿ ಹತ್ತಿರ ಬಂದನೋ, ಗಕ್ಕನೆ ನಿಲ್ಲುವುದು. ಮತ್ತೆ ಚಾಲೂ ಮಾಡುವಷ್ಟರಲ್ಲಿ ಧಣಿ ಮುಖ ಗಂಟಿಕ್ಕಿಕೊಂಡು ಮುಂದೆ ಹೋಗಿರುತ್ತಿದ್ದ. ಮಾಲಿಗೆ ಅವಮಾನದಿಂದ ಮೈಯೆಲ್ಲ ಹಿಡಿಯಾಗುತ್ತಿತ್ತು.

ಮೆಕ್ಯಾನಿಕ್ ಬಂದ. ಅಡಿಯಲ್ಲಿ ಮೆತ್ತಿಕೊಂಡಿದ್ದ ಹಸಿ ಹುಲ್ಲನ್ನು ಕೆರೆದು ತೆಗೆದ. ಬ್ಲೇಡಿಗೆ ಸಾಣೆ ಹಿಡಿದ. ಬೆಲ್ಟು ಬಿಗಿ ಮಾಡಿದ, ಪ್ಲಗ್ಗು ಬದಲಿಸಿದ, ಹಳೆಯ ಪೆಟ್ರೋಲು ಚೆಲ್ಲಿ ಹೊಸದು ತುಂಬಿದ. ಆಮೇಲೆ ಮಾಲಿಯನ್ನು ಹತ್ತಿಸಿ, ತಾನು ಪಕ್ಕದಲ್ಲೇ ನಡೆಯುತ್ತ ಇಡೀ ಹುಲ್ಲುಹಾಸು ಸುತ್ತಿಸಿದ. ಯಂತ್ರ ಒಂದು ಸಲವೂ ನಿಲ್ಲಲಿಲ್ಲ. ಮರುದಿನ ಧಣಿ ಬಂದ; ನಿಂತಿತು.

ಧಣಿ ಇಬ್ಬರನ್ನೂ ಕರೆಸಿದ. ಅವನ ಎದುರಿಗೇ ಮೆಕ್ಯಾನಿಕ್ ಕೇಳಿದ:

“ತಮ್ಮಾ, ಸೀಟಿನ ಕೆಳಗ ಒಂದು ಸ್ವಿಚ್ಚೈತಿ ಅಂತ ಹೇಳಿದ್ನಲ್ಲ. ಕುಂತಾವ ಬಿದ್ದರ ಬ್ಲೇಡಿಗೆ ಸಿಗಬಾರದು ಅಂತ ಅದು ಇಂಜಿನ್ ಬಂದ್ ಮಾಡತೈತಿ. ಓಡಸೋವಾಗ ಸೀಟ್ ಬಿಟ್ಟು ಏನಾರ ಎದ್ದಿದ್ದೇನು?”

ಧಣಿಯ ಮುಂದೆ ಈ ಪ್ರಶ್ನೆ ಕೇಳಿದ್ದಕ್ಕೆ ಮಾಲಿಗೆ ರೇಗಿಹೋಯಿತು.

“ನಾ ಏನ್ ಸಣ್ಣ ಹುಡುಗನೇನು? ನಾ ಎದ್ದಿಲ್ಲ. ಧಣ್ಯಾರ, ಇವರಿಗೆ ಈಗ ಕಣ್ಣು ಕಾಣಂಗಿಲ್ಲ. ಬಿಚ್ಚಿದ್ದನ್ನ ಸರಿ ಜೋಡಸಾಕ ಬರವಲ್ದು.”

ಧಣಿ ಮೆಕ್ಯಾನಿಕ್‌ನನ್ನು ಅಂದೇ ಕೆಲಸದಿಂದ ಬಿಡಿಸಿದ. ಕೈ ಕೆಟ್ಟವನು ಎಂಬ ಮಾತು ಊರೆಲ್ಲ ಹರಡಿತು. ಬೇರೆಯವರೂ ಅವನಿಗೆ ಗಾಡಿ ರಿಪೇರಿಗೆ ಕೊಡುವುದನ್ನು ನಿಲ್ಲಿಸಿದರು. ಪಟ್ಟಣದಿಂದ ಹೊಸ ಮೆಕ್ಯಾನಿಕ್ ಬಂದ. ಅವನೂ ಎಲ್ಲ ಬಿಚ್ಚಿ ಜೋಡಿಸಿ ಹೋದ.

ಒಂದು ಬೆಳಿಗ್ಗೆ ಮಾಲಿಗೆ ಸೊಂಟ ಹಿಡಿದುಕೊಂಡಿತ್ತು. ಹೇಗೋ ಯಂತ್ರ ಹತ್ತಿ ಕೂತಿದ್ದ. ಧಣಿ ಬರುವುದು ಕಂಡಿತು. ಮಾಲಿಯ ಮೈ ತಾನಾಗಿ ಮೇಲೇಳಲು ಹೋಯಿತು, ಸೊಂಟ ಬಿಡಲಿಲ್ಲ. ಯಂತ್ರ ಓಡುತ್ತಲೇ ಇತ್ತು. ಧಣಿ ನಕ್ಕು, ಹೊಸಬ ಚೆನ್ನಾಗಿ ರಿಪೇರಿ ಮಾಡಿದ್ದಾನೆ ಎಂದು ಹೊಗಳಿ ನಡೆದ.

ಮಾಲಿಗೆ ಸೀಟಿನ ಕೆಳಗಿನ ಸ್ವಿಚ್ಚು ನೆನಪಾಯಿತು. ಧಣಿ ಮರೆಯಾದ ಮೇಲೆ ಹಲ್ಲು ಕಚ್ಚಿ ಸ್ಟಿಯರಿಂಗ್ ಹಿಡಿದು ಚೂರೇ ಚೂರು ಮೇಲೆದ್ದ. ಇಂಜಿನ್ ನಿಂತಿತು. ಧಣಿಯನ್ನು ಕಂಡಾಗಲೆಲ್ಲ ತಾನು ಹೀಗೆಯೇ ಅರ್ಧ ಎದ್ದು ಕೈಮುಗಿಯುತ್ತಿದ್ದೆ ಎಂದು ಆಗ ಅರಿವಾಯಿತು. ಅದನ್ನು ಅವನು ಏಳುವುದು ಎಂದು ಎಣಿಸಿಯೇ ಇರಲಿಲ್ಲ. ಒಬ್ಬ ಮುದುಕನ ಅನ್ನ ಕಿತ್ತುಕೊಂಡಿದ್ದೆ, ಸುಳ್ಳೂ ಹೇಳಿದ್ದೆ, ಅದನ್ನು ಎದೆ ತಟ್ಟಿಕೊಂಡು ಹೇಳಿದ್ದೆ ಎಂದು ತನ್ನನ್ನು ತಾನೇ ಶಪಿಸಿಕೊಂಡ.

ಧಣಿಯ ಬಳಿ ಹೋಗಿ ಎಲ್ಲ ಒಪ್ಪಿಕೊಂಡ. ಧಣಿಗೆ ಸಿಟ್ಟೇ ಬರಲಿಲ್ಲ. ತನಗೆ ಮರ್ಯಾದೆ ಕೊಡಲು ಹೋಗಿ ಆದದ್ದು ತಾನೇ, ಬಿಡು ಎಂದು ಬೆನ್ನು ತಟ್ಟಿದ. ಬೈದಿದ್ದರೆ ಮಾಲಿಗೆ ಅಷ್ಟು ನೋಯುತ್ತಿರಲಿಲ್ಲ.

ಅಲ್ಲಿಂದ ಮೆಕ್ಯಾನಿಕ್‌ನ ಮನೆಗೆ ಹೋದ. ಮುದುಕ ಕಟ್ಟೆಯ ಮೇಲೆ ಕೂತು ನೆರೆಮನೆಯವರ ಕುಡುಗೋಲು ಮಸೆಯುತ್ತಿದ್ದ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತು ಮಾಲಿಯ ಬಾಯಿಗೆ ಬರಲಿಲ್ಲ. ‘ಎದ್ದಿದ್ದೆ’ ಎಂದಷ್ಟೇ ಹೇಳಿ ತಲೆ ತಗ್ಗಿಸಿದ. ಮುದುಕ ಅವನನ್ನು ಒಮ್ಮೆ ನೋಡಿ, ಮತ್ತೆ ಕುಡುಗೋಲಿನತ್ತ ಬಗ್ಗಿದ. ಧಣಿಯ ಕೆಲಸಕ್ಕೆ ಮುದುಕ ತಿರುಗಿ ಹೋಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ನಿರ್ವಾಣಪ್ಪನಿಗೆ ಸಮಾಧಾನವಾಗಲಿಲ್ಲ. “ಹಾಗಾದರೆ ಧಣಿ ಬಂದಾಗ ಆ ಮಾಲಿ ಏಳಲೇಬಾರದಿತ್ತೇ, ಗುರುಗಳೇ?” ಎಂದ.

ಗುರುಗಳು ಹೇಳಿದರು: “ಕಲಿಸಿದ ಮೆಕ್ಯಾನಿಕ್ ಬಂದಾಗಲೂ ಅವನು ಎದ್ದು, ಯಂತ್ರ ಒಮ್ಮೆ ನಿಂತಿದ್ದರೆ, ದೋಷ ಅಂದೇ ಸಿಕ್ಕಿರುತ್ತಿತ್ತು.”