ಜವಳಿ ವ್ಯಾಪಾರಿ ಹಂಚಿದ ಚೂರ್ಣ

"ಗುರುಗಳೇ, ಔಷಧ ಒಳ್ಳೆಯದೇ ಆಗಿದ್ದರೆ ಹೆಚ್ಚು ಕೊಟ್ಟಷ್ಟೂ ಹೆಚ್ಚು ಒಳ್ಳೆಯದಾಗಬೇಕಲ್ಲವೇ? ಅಳತೆ ಯಾಕೆ?"

ಶಂಭುಲಿಂಗ ಹೀಗೆ ಕೇಳಿದಾಗ ಮರುಳಯ್ಯನವರು ಅಳಲೆಕಾಯಿ ಒಡೆದು ಬೀಜ ಬೇರೆ ಮಾಡುತ್ತಿದ್ದರು. ಅವರ ಬಳಿ ವೈದ್ಯ ಕಲಿಯುತ್ತಿದ್ದ ನಾಲ್ವರಲ್ಲಿ ಶಂಭುಲಿಂಗನೇ ಹಿರಿಯ. ಪೇಟೆ ಬೀದಿಯಲ್ಲಿ ತಾನೇ ಕೂತು ರೋಗಿಗಳನ್ನು ನೋಡಲು ಗುರುಗಳು ಅವನಿಗೆ ಅಪ್ಪಣೆ ಕೊಟ್ಟು ಮೂರು ತಿಂಗಳಾಗಿತ್ತು.

"ಈ ಪ್ರಶ್ನೆ ಎಲ್ಲಿಂದ ಬಂತು?" ಎಂದರು ಮರುಳಯ್ಯನವರು.

"ಪೇಟೆಯಿಂದಲೇ ಬಂತು. ಒಂದು ಚಮಚ ಚೂರ್ಣ ಕೊಡಲು ನಾನು ಹತ್ತು ಮಾತು ಕೇಳುತ್ತೇನೆ. ಎದುರು ಸಾಲಿನ ವೈದ್ಯ ಒಂದನ್ನೂ ಕೇಳದೆ ದೊಡ್ಡ ಪೊಟ್ಟಣ ಕಟ್ಟಿಕೊಡುತ್ತಾನೆ. ಜನ ಅವನನ್ನು ಧಾರಾಳಿ ಎನ್ನುತ್ತಾರೆ, ನನ್ನನ್ನು ಕೈಬಿಗಿಯವನು ಎನ್ನುತ್ತಾರೆ."

ಮರುಳಯ್ಯನವರು ಕೈಯಲ್ಲಿದ್ದ ಕಾಯಿ ಕೆಳಗಿಟ್ಟರು. "ಕೂತುಕೋ" ಎಂದು ಹೇಳಿ ಈ ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಒಬ್ಬ ಜವಳಿ ವ್ಯಾಪಾರಿ ಇದ್ದ. ಬೆಳಗಿನಿಂದ ದೀಪ ಹಚ್ಚುವ ಹೊತ್ತಿನವರೆಗೆ ಗಾದಿಯ ಮೇಲೆ ಕೂತಿರುವುದೇ ಅವನ ಕೆಲಸ. ಅವನಿಗೆ ಮಲಬದ್ಧತೆ ಅಂಟಿಕೊಂಡಿತ್ತು. ಮೂರು ದಿನಕ್ಕೊಮ್ಮೆ ಹೊಟ್ಟೆ ಖಾಲಿಯಾದರೆ ಹೆಚ್ಚು. ಊಟ ಸೇರುತ್ತಿರಲಿಲ್ಲ. ತಲೆ ಸದಾ ಭಾರ. ಸೀರೆ ಬಿಚ್ಚಿ ತೋರಿಸು ಎಂದ ಗಿರಾಕಿಯ ಮೇಲೂ ಸಿಡುಕುತ್ತಿದ್ದ. ಹೆಂಡತಿ ತೀರಿಕೊಂಡಿದ್ದಳು. ಮನೆಯಲ್ಲಿದ್ದವಳು ಅಕ್ಕ ಒಬ್ಬಳೇ. ತಾಯಿ ಸತ್ತ ಮೇಲೆ ಅವನನ್ನು ಎತ್ತಿ ಬೆಳೆಸಿದವಳೂ ಅವಳೇ. ಅವಳ ಒತ್ತಾಯಕ್ಕೆ ಅವನು ಆ ಪಟ್ಟಣದ ವೈದ್ಯೆಯ ಮನೆಗೆ ಹೋದ.

ವೈದ್ಯೆಗೆ ವಯಸ್ಸಾಗಿತ್ತು. ಅವಸರ ಅವಳಿಗೆ ಗೊತ್ತಿರಲಿಲ್ಲ. ಏನು ಉಣ್ಣುತ್ತೀ, ದಿನಕ್ಕೆ ಎಷ್ಟು ನೀರು ಕುಡಿಯುತ್ತೀ, ಎಷ್ಟು ವರ್ಷದಿಂದ ಹೀಗೆ, ರಕ್ತ ಬೀಳುತ್ತದೆಯೇ, ಮೈ ಇಳಿದಿದೆಯೇ, ಬೇರೆ ಔಷಧ ತಿನ್ನುತ್ತಿದ್ದೀಯಾ ಎಂದು ಒಂದೊಂದಾಗಿ ಕೇಳಿದಳು. ನಾಡಿ ನೋಡಿದಳು. ನಾಲಿಗೆ ನೋಡಿದಳು. ಹೊಟ್ಟೆ ಒತ್ತಿ ನೋಡಿದಳು. ಅಂಗಡಿ ಬಿಟ್ಟು ಬಂದಿದ್ದ ವ್ಯಾಪಾರಿಗೆ ಬೇಸರ ಬಂತು. ಆದರೂ ಉತ್ತರ ಹೇಳಿದ.

ಕೊನೆಗೆ ಅವಳು ತ್ರಿಫಲಾ ಚೂರ್ಣ ಕೊಟ್ಟಳು. ಅಳಲೆಕಾಯಿ, ತಾರೆಕಾಯಿ, ನೆಲ್ಲಿಕಾಯಿ ಮೂರನ್ನೂ ಬೀಜ ತೆಗೆದು, ಒಣಗಿಸಿ, ಸಮವಾಗಿ ಸೇರಿಸಿ ಕುಟ್ಟಿದ ಪುಡಿ ಅದು. ಜೊತೆಗೆ ಮರದ ಒಂದು ಪುಟ್ಟ ಚಮಚ.

"ರಾತ್ರಿ ಊಟವಾಗಿ ಸ್ವಲ್ಪ ಹೊತ್ತಾದ ಮೇಲೆ ಬಿಸಿನೀರಿನಲ್ಲಿ ಅರ್ಧ ಚಮಚ ಕಲಸಿ ಕುಡಿ. ಮೂರು ದಿನ ನೋಡು. ಸಾಲದಿದ್ದರೆ ಒಂದು ಚಮಚ. ಅದೂ ಬೆರಳಿನಿಂದ ಸವರಿ ಮಟ್ಟ ಮಾಡಿದ ಚಮಚ, ಗುಪ್ಪೆ ಹಾಕಿದ್ದಲ್ಲ. ಹೊಟ್ಟೆ ಸಡಿಲವಾದರೆ ನಿಲ್ಲಿಸು. ನೀರು ಹೆಚ್ಚು ಕುಡಿ, ಸಂಜೆ ನಡೆದಾಡು. ತಿಂಗಳಿಗೆ ಬಂದು ತೋರಿಸು. ಇದನ್ನು ಊಟದ ಹಾಗೆ ನಿತ್ಯದ ರೂಢಿ ಮಾಡಿಕೊಳ್ಳಬೇಡ."

ವ್ಯಾಪಾರಿ ಹೇಳಿದಂತೆಯೇ ಮಾಡಿದ. ಐದನೆಯ ದಿನ ಬೆಳಿಗ್ಗೆ ಹೊಟ್ಟೆ ಹಗುರವಾಯಿತು. ತಿಂಗಳಲ್ಲಿ ಅವನು ಬೇರೆಯೇ ಮನುಷ್ಯ. ಎರಡು ರೊಟ್ಟಿ ಹೆಚ್ಚು ತಿಂದ. ಗಿರಾಕಿ ಹತ್ತು ಸೀರೆ ಬಿಚ್ಚಿಸಿ ಒಂದನ್ನೂ ಕೊಳ್ಳದೆ ಹೋದರೂ ನಗುತ್ತ ಮಡಿಸಿಟ್ಟ.

ಸುಖ ಬಂದವನಿಗೆ ಅದನ್ನು ಹಂಚಬೇಕು ಎನಿಸುತ್ತದೆ. ಅದು ಒಳ್ಳೆಯ ಗುಣವೇ. ಆ ಚೂರ್ಣದಲ್ಲಿ ಗುಟ್ಟೇನೂ ಇರಲಿಲ್ಲ, ಮೂರು ಕಾಯಿಯೂ ಸಂತೆಯಲ್ಲಿ ಸಿಗುತ್ತಿದ್ದವು. ಅವನು ಚೀಲಗಟ್ಟಲೆ ತರಿಸಿ ಮನೆಯಲ್ಲೇ ಕುಟ್ಟಿಸಿದ. ಅಕ್ಕ ಜರಡಿ ಹಿಡಿದಳು. ಅಂಗಡಿಯಲ್ಲಿ ಒಂದು ದೊಡ್ಡ ಭರಣಿ ಇಟ್ಟು, ಬಂದವರಿಗೆಲ್ಲ ಪುಕ್ಕಟೆಯಾಗಿ ಕೊಡತೊಡಗಿದ.

ಒಳ್ಳೆಯದೂ ಆಯಿತು. ದರ್ಜಿಗೆ ಬಾಯಿ ಹುಣ್ಣು. ಚೂರ್ಣ ಕುದಿಸಿ, ಸೋಸಿ, ಆರಿದ ನೀರಿನಿಂದ ಬಾಯಿ ಮುಕ್ಕಳಿಸಿದ, ಹುಣ್ಣು ಮಾಯಿತು. ಹೂ ಮಾರುವವಳ ಕಾಲಿನ ಗಾಯ ಅದೇ ಕಷಾಯದಲ್ಲಿ ತೊಳೆದು ತೊಳೆದು ಒಣಗಿತು. ಬಳೆಗಾರನ ಹೊಟ್ಟೆಯುಬ್ಬರ ಇಳಿಯಿತು. ಶಂಭುಲಿಂಗ, ಇದನ್ನು ನೀನು ಮರೆಯಬಾರದು. ಚೂರ್ಣ ಸುಳ್ಳಲ್ಲ. ಸುಳ್ಳಾಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಜನ ಹೊಗಳಿದರು. ಹೊಗಳಿಕೆಗೆ ಚಮಚ ಚಿಕ್ಕದಾಗಿ ಕಂಡಿತು. ಅವನು ಬೆರಳಲ್ಲಿ ತೆಗೆದು ಕೊಡತೊಡಗಿದ, ಆಮೇಲೆ ಹಿಡಿಯಲ್ಲಿ. ಒಬ್ಬ ಹಮಾಲಿ ಬಂದು, "ಯಜಮಾನರೇ, ನಿನ್ನೆ ಏಳು ಸಲ ಹೋದೆ, ಮೂಟೆ ಎತ್ತಲು ಆಗಲಿಲ್ಲ" ಎಂದ. "ಒಳಗಿನ ಕೊಳೆ ಹೋಗುತ್ತಿದೆ, ಹೋಗಲಿ ಬಿಡು" ಎಂದು ವ್ಯಾಪಾರಿ ಇನ್ನೊಂದು ಹಿಡಿ ಕೊಟ್ಟ. ವಾಸಿಯಾದರೆ ಅದು ಚೂರ್ಣದ ಗುಣ, ಕೆಟ್ಟರೆ ಅದು ಮೈಯೊಳಗಿನ ಕೊಳೆ. ಹೀಗೆ ಲೆಕ್ಕ ಹಾಕುವವನಿಗೆ ತನ್ನ ತಪ್ಪು ಎಂದೂ ಕಾಣುವುದಿಲ್ಲ.

ಆ ಬೇಸಿಗೆಯಲ್ಲಿ ಅಕ್ಕನಿಗೆ ಜ್ವರ ಬಂತು. ಹತ್ತು ದಿನ ಕಾದು ಬಿಟ್ಟಿತು. ಜ್ವರ ಬಿಟ್ಟರೂ ಅವಳು ಏಳಲಿಲ್ಲ. ಎರಡು ಗುಟುಕು ಗಂಜಿ ಕುಡಿದರೆ ಸಾಕು ಎನ್ನುತ್ತಿದ್ದಳು. ನಾಲ್ಕು ದಿನದಿಂದ ಹೊಟ್ಟೆ ಕದಲಿಲ್ಲ ಎಂದು ತಮ್ಮನಿಗೆ ತಿಳಿಯಿತು. ಅವನು ಹಿಡಿ ಚೂರ್ಣ ಕಲಸಿ ತಂದ.

"ಬೇಡ ತಮ್ಮಾ. ಹೊಟ್ಟೆಯಲ್ಲಿ ಏನೂ ಇಲ್ಲ."

"ಊರಿಗೆಲ್ಲ ಆಗಿದ್ದು ನಿನಗಾಗದೇ ಅಕ್ಕಾ?"

ಅವನ ಮುಖ ನೋಡಿ ಅವಳು ಕುಡಿದಳು. ಬೇಡವೆಂದರೆ ಅವನು ನೊಂದುಕೊಳ್ಳುತ್ತಾನೆ ಎಂದು ಕುಡಿದಳು.

ಮರುದಿನ ಬೆಳಿಗ್ಗೆ ಏನೂ ಆಗಲಿಲ್ಲ. ವ್ಯಾಪಾರಿ ಮಧ್ಯಾಹ್ನ ಇನ್ನೊಂದು ಹಿಡಿ ಕೊಟ್ಟ. ಸಂಜೆ ಮತ್ತೊಂದು. ಅದರ ಮಾರನೆಯ ದಿನ ಬೆಳಿಗ್ಗೆ ಭೇದಿ ಶುರುವಾಯಿತು. ಎದ್ದು ಹೋಗಿ ಬರುವ ಶಕ್ತಿ ಮೂರನೆಯ ಸಲಕ್ಕೇ ಮುಗಿಯಿತು. ನಡು ಮಧ್ಯಾಹ್ನದ ಹೊತ್ತಿಗೆ ಅವಳ ಕಣ್ಣು ಗುಳಿಬಿದ್ದಿದ್ದವು. ತುಟಿ ಬಿರಿದಿತ್ತು. ಮೀನಖಂಡ ಸೆಟೆದು ನೋವಿಗೆ ನರಳಿದಳು. ಆಮೇಲೆ ನರಳುವ ದನಿಯೂ ನಿಂತಿತು.

ಆಗಲೂ ವ್ಯಾಪಾರಿಗೆ ಹೊಳೆದದ್ದು ಒಂದೇ: ಕೊಳೆ ಇನ್ನೂ ಉಳಿದಿದೆ. ಅವನು ಮತ್ತೆ ಚೂರ್ಣ ಕಲಸಿ ಅವಳ ಬಾಯಿಗೆ ಹಿಡಿದ. ಅವಳಿಗೆ ತುಟಿ ಮುಚ್ಚಿ ನುಂಗಲು ಆಗಲಿಲ್ಲ. ನೀರು ಗಲ್ಲದ ಮೇಲಿಂದ ಇಳಿದು ದಿಂಬು ಒದ್ದೆಯಾಯಿತು. ಅವಳ ಅಂಗೈ ಹಿಡಿದ. ತಣ್ಣಗಿತ್ತು. ಆಗ ಅವನಿಗೆ ಭಯವಾಯಿತು. ಚಪ್ಪಲಿ ಮೆಟ್ಟದೆ ಬಿಸಿಲಿನಲ್ಲಿ ವೈದ್ಯೆಯ ಮನೆಗೆ ಓಡಿದ.

ವೈದ್ಯೆ ಬಂದವಳೇ ಲೋಟದಲ್ಲಿದ್ದುದನ್ನು ಚೆಲ್ಲಿದಳು. ಅಕ್ಕನ ಮುಂಗೈಯ ಚರ್ಮವನ್ನು ಚಿವುಟಿ ಎತ್ತಿ ಬಿಟ್ಟಳು. ಹಿಂಡಿದ ಬಟ್ಟೆಯ ಸುಕ್ಕಿನ ಹಾಗೆ ಅದು ಎದ್ದು ನಿಂತೇ ಇತ್ತು, ಇಳಿಯಲಿಲ್ಲ. ಮೈಯಲ್ಲಿ ನೀರು ಉಳಿದಿಲ್ಲ ಎಂಬುದಕ್ಕೆ ಅದೇ ಗುರುತು. ಅಕ್ಕಿ ಬೇಯಿಸಿ ಗಂಜಿಯ ತಿಳಿ ಬಸಿದು, ಉಪ್ಪು ಹಾಕಿ, ಚೂರು ಬೆಲ್ಲ ಕರಗಿಸಿದಳು. ತಲೆಯನ್ನು ತುಸು ಎತ್ತಿಸಿ ತುಟಿಗೆ ಒಂದು ತೊಟ್ಟು ಮುಟ್ಟಿಸಿದಳು. ಗಂಟಲು ಆಡಿತು. ಆಮೇಲೆ ಒಂದು ಚಮಚ. ಅದು ಇಳಿದದ್ದು ನೋಡಿ ಇನ್ನೊಂದು. "ಹೀಗೇ ಕೊಡುತ್ತಿರು, ಅವಸರ ಮಾಡಬೇಡ" ಎಂದು ಚಮಚವನ್ನು ವ್ಯಾಪಾರಿಯ ಕೈಗೆ ಕೊಟ್ಟು ಪಕ್ಕದಲ್ಲೇ ಕೂತಳು.

ಊರಿಗೆಲ್ಲ ಹಿಡಿಯಲ್ಲಿ ಕೊಟ್ಟವನು ಒಂದು ದಿನ, ಎರಡು ದಿನ ಚಮಚದಲ್ಲಿ ಗಂಜಿ ತಿಳಿ ಕೊಟ್ಟ. ಎರಡನೆಯ ದಿನ ಸಂಜೆ ಅಕ್ಕನಿಗೆ ಮೂತ್ರ ಹೋಯಿತು. "ಇನ್ನು ಉಳಿಯುತ್ತಾಳೆ" ಎಂದಳು ವೈದ್ಯೆ. ಮೂರನೆಯ ದಿನ ಅಕ್ಕನಿಗೆ ದನಿ ಬಂತು. ತಮ್ಮನನ್ನು ನೋಡಿ, "ನೀನು ಉಂಡೆಯಾ?" ಎಂದಳು. ವ್ಯಾಪಾರಿ ಎದ್ದು ಹಿತ್ತಲಿಗೆ ಹೋಗಿ ಅತ್ತ.

ಆಮೇಲೆ ಅವನು ವೈದ್ಯೆಯ ಮುಂದೆ ಕೈಮುಗಿದು ನಿಂತ.

"ಅಮ್ಮಾ, ನಾನು ಬೆರಕೆ ಮಾಡಲಿಲ್ಲ. ಅವೇ ಮೂರು ಕಾಯಿ, ಅದೇ ಸಮಪಾಲು. ನನ್ನನ್ನು ಎಬ್ಬಿಸಿದ ಚೂರ್ಣ ಅಕ್ಕನನ್ನು ಯಾಕೆ ಕೆಡವಿತು?"

"ನಾನು ನಿನಗೆ ಮೊದಲು ಪ್ರಶ್ನೆ ಕೊಟ್ಟೆ, ಆಮೇಲೆ ಚೂರ್ಣ ಕೊಟ್ಟೆ. ನೀನು ಹಂಚಿದ್ದು ಚೂರ್ಣವನ್ನು ಮಾತ್ರ. ಉಂಡವನ ಹೊಟ್ಟೆ ಕಟ್ಟಿದರೆ ಅದಕ್ಕೆ ಚೂರ್ಣ ಬೇಕು. ಹತ್ತು ದಿನ ಉಣ್ಣದವಳ ಹೊಟ್ಟೆ ಖಾಲಿ ಇದ್ದು ಸುಮ್ಮನಿತ್ತು. ಅದಕ್ಕೆ ಬೇಕಾಗಿದ್ದದ್ದು ಗಂಜಿ. ಕೇಳಿದ್ದರೆ ಅವಳೇ ಹೇಳುತ್ತಿದ್ದಳು."

ಅಕ್ಕ ಹೇಳಿದ್ದಳು ಎಂಬುದು ವ್ಯಾಪಾರಿಗೆ ನೆನಪಿತ್ತು. ಅವನು ಭರಣಿಯನ್ನು ಹೊತ್ತು ತಿಪ್ಪೆಗೆ ಸುರಿಯಲು ಹೊರಟ. ವೈದ್ಯೆ ತಡೆದಳು. "ಚೂರ್ಣ ನಿನಗೇನು ಅನ್ಯಾಯ ಮಾಡಿತು? ಕೊಡಲು ಮನಸ್ಸಿದೆ, ಅದು ಎಲ್ಲರಿಗೂ ಇರುವುದಿಲ್ಲ. ಕೊಡುವುದನ್ನು ಕಲಿತುಕೋ."

ಒಂದು ವರ್ಷ ಅವನು ಬೆಳಗಿನ ಹೊತ್ತು ಅಂಗಡಿ ತೆರೆಯದೆ ವೈದ್ಯೆಯ ಜಗಲಿಯಲ್ಲಿ ಕೂತ. ಬಂದವರನ್ನು ಪ್ರಶ್ನೆ ಕೇಳುವುದಷ್ಟೇ ಅವನ ಕೆಲಸ. ಯಾರಿಗೆ ಕೊಡಬಹುದು, ಯಾರಿಗೆ ಕೊಡಬಾರದು ಎಂದು ಅವಳು ಹೇಳುತ್ತಿದ್ದಳು. ಬಸುರಿಗೆ ಬೇಡ. ಮೊಲೆಯುಣಿಸುವವಳಿಗೆ ಬೇಡ. ಬಳಲಿ ಸೊರಗಿದವರಿಗೆ, ಹೊಟ್ಟೆ ಮೊದಲೇ ಸಡಿಲವಾಗಿರುವವರಿಗೆ ಬೇಡ. ಥಟ್ಟನೆ ಹೊಟ್ಟೆನೋವು ಎದ್ದವನಿಗೆ, ರಕ್ತ ಬೀಳುವವನಿಗೆ ಚೂರ್ಣ ಕೊಟ್ಟು ಕಳಿಸಬೇಡ, ಮೊದಲು ಕಾರಣ ಹುಡುಕಬೇಕು. ಬೇರೆ ಔಷಧ ತಿನ್ನುತ್ತಿರುವವನು ಅದು ಯಾವುದೆಂದು ಹೇಳದೆ ಹೋದರೆ ಹೇಳುವವರೆಗೆ ಕಾದಿರು. ಮಕ್ಕಳನ್ನು ನನ್ನ ಬಳಿ ಕಳಿಸು. ಹೀಗೆ ಒಂದೊಂದು ರೋಗಿಯ ಜೊತೆಗೂ ಒಂದೊಂದು ಪಾಠ.

ವರ್ಷವಾದ ಮೇಲೆ ಅಂಗಡಿಯಲ್ಲಿ ಮತ್ತೆ ಭರಣಿ ಇಟ್ಟ. ಈಗ ಅವನು ಕೇಳುತ್ತಿದ್ದ, ಆಮೇಲೆ ಬೆರಳಿನಿಂದ ಸವರಿ ಮಟ್ಟ ಮಾಡಿ ಚಮಚದಲ್ಲಿ ಅಳೆದು ಕೊಡುತ್ತಿದ್ದ. ಮೊದಲಿನ ಜನರಲ್ಲಿ ಅರ್ಧ ಮಂದಿ ಬರುವುದನ್ನೇ ಬಿಟ್ಟರು. ಪುಕ್ಕಟೆ ಪುಡಿಗೆ ಇಷ್ಟು ವಿಚಾರಣೆಯೇ ಎಂದು ನಕ್ಕರು. ವ್ಯಾಪಾರಿ ಚಮಚವನ್ನು ಬದಲಾಯಿಸಲಿಲ್ಲ.

ಒಂದು ದಿನ ಬಳೆಗಾರ ತನ್ನ ಮಗಳನ್ನು ಕರೆದುಕೊಂಡು ಬಂದ. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಹೊಟ್ಟೆ ಬಿಗಿಯುತ್ತದೆ, ಊಟ ಸೇರುವುದಿಲ್ಲ ಎಂದಳು. ವ್ಯಾಪಾರಿ ತನ್ನ ಅಕ್ಕನನ್ನು ಕರೆಸಿದ. ಅಕ್ಕ ಹುಡುಗಿಯನ್ನು ಒಳಗೆ ಕರೆದುಕೊಂಡು ಹೋಗಿ ಕೇಳಿದಳು. ಮುಟ್ಟು ನಿಂತು ಎರಡು ತಿಂಗಳಾಗಿತ್ತು. ಹುಡುಗಿ ತಾಯಿಗೂ ಹೇಳಿರಲಿಲ್ಲ, ತನಗೂ ಖಚಿತವಿರಲಿಲ್ಲ. ಅಪ್ಪನಿಗೆ ಈಗಲೇ ಹೇಳಬೇಡಿ ಎಂದು ಬೇಡಿಕೊಂಡಳು.

ಅಕ್ಕ ತಮ್ಮನನ್ನು ಒಳಗೆ ಕರೆದು ಅದನ್ನು ಹೇಳಿದಳು. ವ್ಯಾಪಾರಿ ಹೊರಗೆ ಬಂದು, "ಇವಳಿಗೆ ಚೂರ್ಣ ಬೇಡ. ಒಣದ್ರಾಕ್ಷಿ ನೆನೆಸಿ ಕೊಡಿ, ನೀರು ಚೆನ್ನಾಗಿ ಕುಡಿಯಲಿ. ನಾಳೆ ವೈದ್ಯೆಗೆ ತೋರಿಸಿ" ಎಂದ.

"ನನಗೆ ಹಿಡಿ ಹಿಡಿ ಕೊಟ್ಟವನು ನೀನು. ನನ್ನ ಮಗಳಿಗೆ ಒಂದು ಚಮಚಕ್ಕೆ ಕೈ ಬರಲಿಲ್ಲವೇ?" ಎಂದ ಬಳೆಗಾರ. ಅಂಗಡಿಯಲ್ಲಿದ್ದವರೆಲ್ಲ ಕೇಳುವಂತೆ ಅಂದ. ಹುಡುಗಿಯ ಗುಟ್ಟು ಉಳಿಸಬೇಕಾಗಿತ್ತು. ವ್ಯಾಪಾರಿ ಕಾರಣ ಹೇಳದೆ ಭರಣಿಯ ಮುಚ್ಚಳ ಮುಚ್ಚಿದ. ಬಳೆಗಾರ ಮಗಳ ಕೈ ಹಿಡಿದು ಹೊರಟುಹೋದ. ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ.

ಏಳು ತಿಂಗಳ ಮೇಲೆ ಬಳೆಗಾರನ ಮಗಳು ಹೆತ್ತಳು. ತಾಯಿ, ಮಗು ಇಬ್ಬರೂ ಕ್ಷೇಮ. ಬಳೆಗಾರ ತಟ್ಟೆ ತುಂಬ ಸಕ್ಕರೆ ಹಿಡಿದು ಪೇಟೆ ಬೀದಿಯುದ್ದಕ್ಕೂ ಹಂಚಿದ. ದರ್ಜಿಗೆ ಕೊಟ್ಟ, ಹೂ ಮಾರುವವಳಿಗೆ ಕೊಟ್ಟ. ಜವಳಿ ಅಂಗಡಿಯ ಮುಂದೆ ಬಂದಾಗ ಮುಖ ತಿರುಗಿಸಿ ಮುಂದಿನ ಅಂಗಡಿಗೆ ಹೋದ. ವ್ಯಾಪಾರಿ ಅದನ್ನು ನೋಡಿದ. ತಾಯಿ, ಮಗು ಕ್ಷೇಮ ಎಂಬ ಮಾತನ್ನೂ ಕೇಳಿಸಿಕೊಂಡ. ಅವನ ಎದುರು ಒಬ್ಬ ಮುದುಕ ಕೂತಿದ್ದ. ವ್ಯಾಪಾರಿ ಅವನ ಕಡೆ ತಿರುಗಿ, "ಎಷ್ಟು ದಿನದಿಂದ ಹೀಗೆ, ತಾತ?" ಎಂದು ಕೇಳಿದ.

ಮರುಳಯ್ಯನವರು ಕತೆ ನಿಲ್ಲಿಸಿದರು.

"ಆಮೇಲಾದರೂ ಬಳೆಗಾರನಿಗೆ ವಿಷಯ ತಿಳಿಯಿತೇ? ಬಂದು ಅವನಿಗೆ ಒಂದು ಒಳ್ಳೆಯ ಮಾತು ಹೇಳಿದನೇ?" ಎಂದ ಶಂಭುಲಿಂಗ.

"ಇಲ್ಲ" ಎಂದರು ಮರುಳಯ್ಯನವರು. "ಬಾರದೆ ಹೋದ ಆಪತ್ತಿಗೆ ಯಾರೂ ಸಕ್ಕರೆ ಹಂಚುವುದಿಲ್ಲ."

ಶಂಭುಲಿಂಗ ಉಳಿದ ಅಳಲೆಕಾಯಿಗಳನ್ನು ತನ್ನ ಕಡೆಗೆ ಎಳೆದುಕೊಂಡು ಒಡೆಯತೊಡಗಿದ.